ಪೈಲವಾನ ರಕ್ತ

ನಮ್ಮ ಅಣ್ಣ ಶಕ್ತಿ ಹೆಚ್ಚಾಗಿ ತೀರಿಕೊಂಡ ಎಂದು ಹಳಿಯಾಳದ ಗರಡಿಮನೆಯಲ್ಲಿ ಈಗಲೂ ನಂಬಿದ್ದಾರೆ. ಉಳಿದವರೆಲ್ಲ ಶಕ್ತಿ ಕಡಿಮೆಯಾಗಿ ಸಾಯುತ್ತಾರೆ, ನಮ್ಮ ಪೈಲವಾನ ಮಾತ್ರ ಹೆಚ್ಚಾಗಿ ಸತ್ತ ಎಂದು ಅದನ್ನೂ ಒಂದು ಗೆದ್ದ ಕುಸ್ತಿಯಂತೆ ಹೇಳುತ್ತಾರೆ. ಹೋದ ತಿಂಗಳು ಅವನ ಫೋಟೋವನ್ನು ಗರಡಿಯ ಗೋಡೆಗೆ, ಹನುಮಪ್ಪನ ಪಕ್ಕಕ್ಕೆ, ತೂಗುಹಾಕಿದರು. ತಮ್ಮನಾದವನು ಎರಡು ಮಾತಾಡಬೇಕು ಎಂದರು. ಮಾತಾಡಿದೆ. ಜನ ನಕ್ಕರು, ಚಪ್ಪಾಳೆ ಹೊಡೆದರು. ಶಕ್ತಿ ಹೆಚ್ಚಾಯಿತು ಎಂಬ ಮಾತನ್ನು ಹುಟ್ಟಿಸಿದವನು ನಾನೇ ಎಂಬುದನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಇಲ್ಲಿ ಬರೆಯುತ್ತೇನೆ. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವನು. ಹೆಚ್ಚುಕಡಿಮೆಯಾದರೆ ಓದುವವರು ನಡೆಸಿಕೊಳ್ಳಬೇಕು.

ಅಣ್ಣನಿಗೆ ಕುಸ್ತಿಯಲ್ಲಿ ಒಂದೇ ಡಾವು ಬರುತ್ತಿತ್ತು. ಅದಕ್ಕೆ ಧೋಬಿ ಪಛಾಡ ಎನ್ನುತ್ತಾರೆ. ಎದುರಾಳಿಯ ತೋಳು ಹಿಡಿದು, ಗಕ್ಕನೆ ಬೆನ್ನು ತಿರುಗಿಸಿ, ಅಗಸ ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆಯುವ ಹಾಗೆ ಹೆಗಲ ಮೇಲಿಂದ ಎತ್ತಿ ಮಣ್ಣಿಗೆ ಹಾಕುವುದು. ಪೈಲವಾನರು ಹತ್ತಾರು ಡಾವು ಕಲಿಯುತ್ತಾರೆ. ಅಣ್ಣ ಇದೊಂದನ್ನೇ ಕಲಿತ, ಇದೊಂದನ್ನೇ ಹಾಕಿದ. ಮುಂಡಗೋಡದ ಕುಸ್ತಿ ಕಣದಲ್ಲಿ ಅವನು ಮಣ್ಣು ಮುಟ್ಟಿ ನಮಸ್ಕಾರ ಮಾಡುತ್ತಿದ್ದಂತೆಯೇ ಮೈಕು ಹಿಡಿದವನು, "ಈಗ ಹಳಿಯಾಳದ ಪೈಲವಾನ ಒಗ್ಯಾಣ ಸುರು ಮಾಡ್ತಾನ್ರಿ, ಸಾಬಾನ ರೆಡಿ ಇಟ್ಕೊಳ್ರಿ!" ಎನ್ನುತ್ತಿದ್ದ. ಎದುರಾಳಿಗೂ ಗೊತ್ತು, ಕೂತ ಜನಕ್ಕೂ ಗೊತ್ತು, ಆದರೂ ಅವನು ಒಗೆಯುತ್ತಿದ್ದ.

ದಾಂಡೇಲಿಯಲ್ಲಿ ಗ್ಯಾರೇಜು ಇಟ್ಟಿರುವ ಇಮಾಮಭಾಯಿ ಅವನ ಕೈಯಲ್ಲಿ ಹಲವು ಸಲ ಒಗೆಸಿಕೊಂಡವನು. ಆಮೇಲೆ ಜೀವದ ಗೆಳೆಯನಾದ. ಗೊತ್ತಿದ್ದೂ ಹೇಗೆ ಸಿಕ್ಕಿಕೊಂಡಿರಿ ಎಂದು ಒಮ್ಮೆ ಕೇಳಿದೆ.

"ಅರೆ ಭಾಯಿ, ಮಳಿ ಬರ್ತೈತಂತ ಗೊತ್ತಿದ್ರ ತೋಯ್ಸಿಕೊಳ್ಳೂದಿಲ್ಲೇನು?" ಎಂದ.

ಮುಂದೆ ಬೆಳಗಾವಿ ಕಡೆಯ ಒಬ್ಬ ಹುಡುಗ ಆ ಡಾವಿಗೆ ಮರುಡಾವು ಕಲಿತು ಬಂದು ಅಣ್ಣನನ್ನು ಚಿತ್ತು ಮಾಡಿದ. ಮರುವರ್ಷ ಮತ್ತೆ ಮಾಡಿದ. ಇನ್ನೊಂದು ಡಾವು ಕಲಿ ಎಂದು ಎಲ್ಲರೂ ಹೇಳಿದರು. "ಒಂದ ಬಾಗಲಕ್ಕ ಎರಡ ಕೀಲಿ ಯಾಕ?" ಎಂದು ಅಣ್ಣ ಲಂಗೋಟಿ ಬಿಚ್ಚಿಟ್ಟುಬಿಟ್ಟ.

ಈ ಪೈಲವಾನಗಿರಿಗೆ ನಮ್ಮ ಮನೆಯಲ್ಲಿ ಒಂದು ಏರ್ಪಾಡು ಇತ್ತು. ಹಳಿಯಾಳದ ಹತ್ತಿರದ ನಮ್ಮ ಊರು ತೇರಗಾಂವದಲ್ಲಿ ನಮಗೆ ಎಮ್ಮೆಗಳಿದ್ದವು. ಅಣ್ಣ ಗರಡಿಗೆ ಬಿದ್ದಾಗ ಅಪ್ಪ, "ಒಬ್ಬಾಂವ ಕುಡೀಲಿ, ಒಬ್ಬಾಂವ ಹಿಂಡ್ಲಿ" ಎಂದು ಹೇಳಿ ನನ್ನನ್ನು ಶಾಲೆ ಬಿಡಿಸಿದ. ಹಿಂಡುವವನು ನಾನಾದೆ. ಪೈಲವಾನನ ಆಹಾರಕ್ಕೆ ಖುರಾಕು ಎನ್ನುತ್ತಾರೆ. ಅಣ್ಣನ ಖುರಾಕಿಗೆ ಒಳ್ಳೆಯ ಎಮ್ಮೆಯ ಹಾಲು ಮೀಸಲು. ಬದಾಮಿ, ತುಪ್ಪ, ನೆನೆಸಿದ ಕಡಲೆ ಬೇರೆ. ನಮಗೆ ಉಳಿದ ಹಾಲಿನ ಚಹಾ. ಅಪ್ಪನದು ತಪ್ಪು ಲೆಕ್ಕವಲ್ಲ. ಆದರೆ ಹತ್ತು ವರ್ಷದ ಹುಡುಗನಿಗೆ ಎಮ್ಮೆಯ ಕೆಚ್ಚಲಿಂದ ಹಾಲು ಪಾತ್ರೆಗೆ ಬೀಳುವ ಸಪ್ಪಳ ದಿನಾ ಕೇಳಿಸುತ್ತಿತ್ತು. ಬೆಚ್ಚಗಿನ ನೊರೆ ಮೂಗಿನ ಹತ್ತಿರ ಬರುತ್ತಿತ್ತು. ಒಂದು ದಿನ ಕೊಟ್ಟಿಗೆಯ ಹಿಂದೆ ನಿಂತು ಒಂದು ತಂಬಿಗೆ ಕುಡಿದುಬಿಟ್ಟೆ. ಪಾತ್ರೆ ಕಡಿಮೆ ಕಾಣಬಾರದೆಂದು ಕುಡಿದಷ್ಟು ನೀರು ಸೇರಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಮರುದಿನವೂ ಗೊತ್ತಾಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಅಪ್ಪ ಹೋದ ಮೇಲೂ, ನಾನು ದೊಡ್ಡವನಾಗಿ ಕ್ಯಾನು ಕಟ್ಟಿಕೊಂಡು ಹಳಿಯಾಳಕ್ಕೆ ಹಾಲು ಹಾಕತೊಡಗಿದ ಮೇಲೂ, ಅಣ್ಣನ ಪಾಲಿನ ಹಾಲಿಗೆ ನೀರು ತಪ್ಪಲಿಲ್ಲ. ನನಗೆ ಹಾಲು ಬೇಕಾಗಿರಲಿಲ್ಲ. ಆದರೆ ಕೈ ತಾನಾಗಿಯೇ ತಂಬಿಗೆಯ ಕಡೆ ಹೋಗುತ್ತಿತ್ತು.

ಅಣ್ಣ ತನ್ನ ಹಾಲನ್ನು ಬೇರೆಯವರ ಕೈಯಲ್ಲಿ ಕಾಯಿಸಗೊಡುತ್ತಿರಲಿಲ್ಲ. ಮದುವೆಯಾಗಿ ಅವನ ಹೆಂಡತಿ, ನಮ್ಮ ವೈನಿ, ಬಂದ ಮೇಲೂ ಅಷ್ಟೆ. ಒಲೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ. ಹಾಲು ಬೆಚ್ಚಗಾಗಿ, ಅಂಚಿನಲ್ಲಿ ಗುಳ್ಳೆ ಬಂದು, ಮೇಲೇಳುವವರೆಗೆ ನಿಂತೇ ಇರುತ್ತಿದ್ದ. ಉಕ್ಕು ಬಂದ ಮೇಲೆ ಉರಿ ಇಳಿಸಿ, ಕೆನೆ ಕಟ್ಟುವವರೆಗೂ ನೋಡುತ್ತಿದ್ದ. ಬೆರಳ ತುದಿಯಿಂದ ಕೆನೆಯನ್ನು ಒಂದಿಷ್ಟು ಸರಿಸಿ, ನನ್ನ ಮುಖ ನೋಡಿ, ತಂಬಿಗೆ ಎತ್ತಿ ಕುಡಿಯುತ್ತಿದ್ದ. ಹಾಲನ್ನು ದೇವರಂತೆ ಕಾಣುವವನು ಎಂದು ಊರಲ್ಲಿ ಹೊಗಳುತ್ತಿದ್ದರು.

ಯಾರನ್ನಾದರೂ ಕಂಡರೆ ಅವನು ನಮಸ್ಕಾರಕ್ಕೆ ಬದಲು ಮಣಿಕಟ್ಟು ಹಿಡಿಯುತ್ತಿದ್ದ. ಹಿಡಿದು, "ಮೈ ಒಣಗೈತಲ್ಲೋ" ಎನ್ನುವುದು. ಪೋಸ್ಟಿನವನಿಗೂ ಅದೇ, ಮಠದ ಸ್ವಾಮಿಗಳಿಗೂ ಅದೇ. ನನಗೆ ಮಾತ್ರ ಎಂದೂ ಹಾಗೆ ಅನ್ನಲಿಲ್ಲ. "ನೀ ಚಲೋ ಇದ್ದಿ" ಎಂದು ಕೈ ಬಿಡುತ್ತಿದ್ದ. ಅದು ಹೊಗಳಿಕೆ ಎಂದು ನಾನು ತಿಳಿದಿದ್ದೆ.

ಅವನ ಸಿಟ್ಟಿಗೆ ಒಂದು ವಿಚಿತ್ರ ಗುಣವಿತ್ತು. ಸಣ್ಣ ಮಾತಿಗೆ ಗಟ್ಟಿಯಾಗಿಬಿಡುತ್ತಿದ್ದ. ಗರಡಿಯ ಕೆಂಪು ಮಣ್ಣಿಗೆ ಬೆರೆಸಲು ಮಜ್ಜಿಗೆ ತರುವುದನ್ನು ಒಮ್ಮೆ ಮರೆತೆನೆಂದು ಇಡೀ ಮಳೆಗಾಲ ನನ್ನೊಡನೆ ಮಾತು ಬಿಟ್ಟ. ಹಾಲು ತಂದುಕೊಟ್ಟರೆ ಪಾತ್ರೆಯನ್ನು ನೋಡುತ್ತಿದ್ದನೇ ಹೊರತು ನನ್ನನ್ನಲ್ಲ. ಆದರೆ ಸಿಡಿಲು ಬಡಿದು ನನ್ನ ಎರಡು ಎಮ್ಮೆ ಒಂದೇ ಸಲ ಸತ್ತಾಗ ಕರೆಯದೆಯೇ ಬಂದ. ಹೊಸದಾಗಿ ಕೊಂಡ ಒಂದು ಎಮ್ಮೆಯನ್ನು ಹಗ್ಗ ಹಿಡಿದು ನಡೆಸಿಕೊಂಡೇ ಬಂದಿದ್ದ. ನನ್ನ ಕೊಟ್ಟಿಗೆಯಲ್ಲಿ ಕಟ್ಟಿ, ಬಗಲಲ್ಲಿ ಕೂತು, ನನಗಿಂತ ಹೆಚ್ಚು ಅತ್ತ. ಎಂಟು ದಿನ ಕಳೆದು ನಾನು ಸುಧಾರಿಸಿಕೊಂಡ ಮೇಲೆ ಅವನಿಗೆ ಮಜ್ಜಿಗೆಯ ನೆನಪಾಯಿತು. ಮತ್ತೆ ಮಾತು ಬಿಟ್ಟ.

ಕುಸ್ತಿ ಬಿಟ್ಟ ಮೇಲೆ ದಾಂಡೇಲಿಯ ಒಂದು ಮರದ ಡಿಪೋದಲ್ಲಿ ವಾಚಮನ್ ಆಗಿದ್ದ. ಅಲ್ಲಿಯೂ ಒಂದೇ ಡಾವು. ಅವನ ಡ್ಯೂಟಿ ಮುಂದಿನ ಗೇಟಿನದು. ಗೇಟಿನಲ್ಲಿ ಇಲಿಯೂ ಅವನನ್ನು ದಾಟುತ್ತಿರಲಿಲ್ಲ. ಹಿಂದಿನ ಬೇಲಿ ಬಿದ್ದ ಜಾಗದಿಂದ ಊರ ದನಗಳು ಒಳಗೆ ಬಂದು, ದಿಮ್ಮಿಗಳ ನಡುವೆ ಮೇಯ್ದು, ಮಲಗಿ, ಹೊರಗೆ ಹೋಗುತ್ತಿದ್ದವು. "ಆ ಕಡೆ ನಂದಲ್ಲ" ಎನ್ನುತ್ತಿದ್ದ. ನೌಕರಿ ಮುಗಿದ ಮೇಲೆ ಹಳಿಯಾಳಕ್ಕೆ ಬಂದು ಗರಡಿಯ ವಸ್ತಾದನಾದ. ಎಲ್ಲ ಡಾವುಗಳನ್ನೂ ಹುಡುಗರಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದ. ಮಾಡಿ ತೋರಿಸುತ್ತಿದ್ದದ್ದು ಒಂದನ್ನೇ.

ಕಬ್ಬು ಕಡಿಯುವ ಸುಗ್ಗಿಗೆ ಮುಂಚಿನ ದಿನಗಳಲ್ಲಿ ಅವನಿಗೆ ಬೆನ್ನು ನೋವು ಶುರುವಾಯಿತು. ದಣಿವು. ಮುಖ ಸುಣ್ಣ ಬಳಿದಂತೆ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಒಂದು ಬೆಳಿಗ್ಗೆ ಹಾಲು ಕೊಡಲು ಹೋದಾಗ ವೈನಿ ನನ್ನನ್ನು ಹಿತ್ತಲಿಗೆ ಕರೆದು ದನಿ ತಗ್ಗಿಸಿ ಹೇಳಿದಳು.

"ತಮ್ಮಾ, ಹೆಂಗ ಹೇಳ್ಲಿ. ಇವರ ಮೂತ್ರದಾಗ ನೊರಿ ಬರಾಕತ್ತೈತಿ. ಎಮ್ಮಿ ಹಿಂಡಿದಂಗ ನೊರಿ. ನೀರ ಸುರದ್ರೂ ಹೋಗವಲ್ದು."

"ನೊರಿ ಬಂದ್ರ ಚಲೋ ಅಲ್ಲೇನ ವೈನಿ" ಎಂದು ನಕ್ಕೆ. ಹಾಲಿನವನ ಬುದ್ಧಿ. ನನ್ನ ಕಸುಬಿನಲ್ಲಿ ನೊರೆ ಎಂದರೆ ತಾಜಾತನ. ಆದರೆ ಒಳಗೊಳಗೆ ಹೆದರಿದ್ದೆ. ನೊರೆಯ ಹೆದರಿಕೆಯಲ್ಲ, ದಣಿವಿನ ಹೆದರಿಕೆ. ಇಷ್ಟು ದೊಡ್ಡ ಮೈಗೆ ಒಳಗೆ ಕಸುವಿಲ್ಲವೆಂದರೆ ಕಾರಣ ಯಾರು? ಇಷ್ಟು ವರ್ಷ ಆ ಮೈಗೆ ನೀರು ಕುಡಿಸಿದವನು ನಾನು. ಡಾಕ್ಟರು ರಕ್ತ ನೋಡಿ, ಇವನಿಗೆ ಹಾಲಿಗೆ ಬದಲು ಯಾರೋ ನೀರು ಕೊಟ್ಟಿದ್ದಾರೆ ಎಂದು ಹೇಳಿಬಿಟ್ಟರೆ ಎಂದು ನನಗೆ ನಿಜವಾಗಿ ಭಯವಾಗಿತ್ತು. ಓದಿದವರಿಗೆ ನಗು ಬರಬಹುದು.

ಹಳಿಯಾಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ತೆಗೆಯುವ ಹುಡುಗಿ ಸೂಜಿ ಹಿಡಿದು ಒದ್ದಾಡಿದಳು. "ಏನ್ರಿ ಅಜ್ಜಾರ ನಿಮ್ಮ ರಕ್ತ, ಬೆಲ್ಲದ ಪಾಕ ಆಗೈತಿ, ಬರವಲ್ದು" ಎಂದಳು. "ಪೈಲವಾನ ರಕ್ತ ಐತವ್ವಾ, ಕರದ ಕೂಡ್ಲೆ ಬರೂದಿಲ್ಲ" ಎಂದ ಅಣ್ಣ. ಮರುದಿನ ವರದಿ ಬಂದಾಗ ಅಣ್ಣ ಹೊರಗೆ ಬೆಂಚಿನ ಮೇಲೆ ಕೂತು ಯಾವನೋ ರೋಗಿಯ ಮಣಿಕಟ್ಟು ಹಿಡಿದಿದ್ದ. ಒಳಗೆ ನಾನೊಬ್ಬನೇ ಹೋದೆ.

"ನೋಡ್ರಿ, ನಿಮ್ಮ ಅಣ್ಣಾರ ರಕ್ತದಾಗ ಪ್ರೋಟೀನ್ ಇರಬೇಕಾದ್ದಕ್ಕಿಂತ ಭಾಳ ಐತಿ" ಎಂದರು ಡಾಕ್ಟರು.

ನನ್ನ ಎದೆಯ ಮೇಲಿನ ಗುಂಡುಕಲ್ಲು ಇಳಿದು ಹೋಯಿತು. ಪ್ರೋಟೀನ್ ಎಂದರೆ ಹಾಲಿನ ಸತ್ವ ಎಂದು ಪಶುವೈದ್ಯರು ನಮಗೆ ಹಾಲಿನ ಸಂಘದಲ್ಲಿ ಹೇಳಿದ್ದರು. ಅದು ಕಡಿಮೆ ಇಲ್ಲ, ಸಾಕಷ್ಟೂ ಅಲ್ಲ, ಭಾಳ ಇದೆ! ನನ್ನ ನೀರು ಏನೂ ಮಾಡಿಲ್ಲ. ನಾನು ಖುಲಾಸೆ.

ಡಾಕ್ಟರು ನಿಲ್ಲಿಸಲಿಲ್ಲ. "ಖುಷಿ ಪಡೋ ವಿಷಯ ಅಲ್ರಿ ಇದು. ರಕ್ತ ಕಡಿಮಿ ಆಗೈತಿ, ಕಿಡ್ನಿ ಮ್ಯಾಲೂ ಭಾರ ಬಿದ್ದೈತಿ. ಇದು ಒಳ್ಳೆ ಪ್ರೋಟೀನ್ ಅಲ್ಲಂತ ನನಗ ಸಂಶಯ. ಈ ವಾರದಾಗ ಹುಬ್ಬಳ್ಳಿಗೆ ಕರಕೊಂಡ ಹೋಗ್ರಿ. ತಡಾ ಮಾಡಬ್ಯಾಡ್ರಿ."

ಇಷ್ಟನ್ನೂ ನಾನು ಕೇಳಿದೆ. ಕಿವಿ ಕೇಳಲಿಲ್ಲ ಎಂದು ಈಗ ಸುಳ್ಳು ಹೇಳಲಾರೆ. ಹೊರಗೆ ಬಂದಾಗ ಅಣ್ಣ, "ಏನಂದ್ರು?" ಎಂದ.

"ಪ್ರೋಟೀನ್ ಭಾಳ ಐತಂತ ಅಣ್ಣಾ. ಇರಬೇಕಾದ್ದಕ್ಕಿಂತ ಭಾಳ."

"ಮತ್ತ?"

"ಮತ್ತೇನಿಲ್ಲ."

ಆ ಹೊತ್ತಿಗೆ ನನ್ನ ಲೆಕ್ಕ ಇಷ್ಟೇ: ಇವತ್ತೊಂದು ದಿನ ಖುಷಿಯಾಗಿರಲಿ, ಹುಬ್ಬಳ್ಳಿಯ ಮಾತು ನಾಳೆ ಹೇಳಿದರಾಯಿತು. ಆದರೆ ಸಂಜೆಗೆ ಸುದ್ದಿ ಗರಡಿ ಮುಟ್ಟಿತ್ತು. ಮುಟ್ಟಿಸಿದವನೂ ನಾನೇ. ಹುಡುಗರು ವಸ್ತಾದನ ಸುತ್ತ ನಿಂತು ಕೇಕೆ ಹಾಕಿದರು. ದಾಂಡೇಲಿಯಿಂದ ಬಂದಿದ್ದ ಇಮಾಮಭಾಯಿ, "ಅದಕ್ಕಽ ನಾ ಅಷ್ಟ ಸರ್ತಿ ಬಿದ್ದೆ. ರಕ್ತದಾಗಽ ಮೋಸ ಐತಿ, ನನ್ನ ಸೋಲೆಲ್ಲಾ ಕ್ಯಾನ್ಸಲ್ ಮಾಡ್ರಿ!" ಎಂದ. ಅಣ್ಣ ಬಹಳ ದಿನಗಳ ಮೇಲೆ ನಕ್ಕ. ಆ ನಗುವಿನ ಮುಂದೆ ಮರುದಿನ ಹುಬ್ಬಳ್ಳಿಯ ಮಾತು ಎತ್ತಲಾಗಲಿಲ್ಲ. ಎತ್ತಿದರೆ ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಒಂದು ವಾರವಾದ ಮೇಲೆ ಹೇಳಿದರೆ ವಾರದ ಲೆಕ್ಕ, ತಿಂಗಳಾದ ಮೇಲೆ ತಿಂಗಳ ಲೆಕ್ಕ. ಮಾತು ಹಳೆಯದಾದಷ್ಟೂ ಭಾರವಾಗುತ್ತ ಹೋಯಿತು.

ಅದಕ್ಕೆ ಬದಲು ಒಂದು ಪ್ರಾಯಶ್ಚಿತ್ತ ಹುಡುಕಿಕೊಂಡೆ. ಅಣ್ಣನ ಹಾಲಿಗೆ ನೀರು ಹಾಕುವುದನ್ನು ನಿಲ್ಲಿಸಿದೆ. ಅಳತೆ ದುಪ್ಪಟ್ಟು ಮಾಡಿದೆ. ಜೀವಮಾನವೆಲ್ಲ ನೀರು ಕುಡಿಸಿದ ನಾನು, ಅವನ ಮೈಗೆ ನೀರೇ ಔಷಧವಾಗಿದ್ದ ಆ ಸುಗ್ಗಿಯಲ್ಲಿ ಅಪ್ಪಟ ಹಾಲು ಕುಡಿಸಿದೆ. ಅಣ್ಣ ಕೆನೆ ಸರಿಸಿ ನೋಡಿ ಹುಬ್ಬೇರಿಸಿದ. "ಎಮ್ಮಿ ಬದಲ ಮಾಡಿದ್ಯಾ?" ಎಂದ. ಹೂಂ ಎಂದೆ.

ಕಬ್ಬಿನ ಕೊನೆಯ ಲಾರಿಗಳು ಹೋಗುವ ಹೊತ್ತಿಗೆ ಅದು ಆಯಿತು. ಗರಡಿಯಲ್ಲಿ ಒಬ್ಬ ಹೊಸ ಪೈಲವಾನನಿಗೆ ಅಣ್ಣ ತನ್ನ ಡಾವು ತೋರಿಸಲು ನಿಂತ. ಬೇಡವೆಂದರೂ ಕೇಳಲಿಲ್ಲ. ತೋಳು ಹಿಡಿದು ಬೆನ್ನು ತಿರುಗಿಸಿದ, ಎತ್ತಲಿಲ್ಲ. ಒಣ ಕಟ್ಟಿಗೆ ಮುರಿದ ಸಪ್ಪಳ ಬಂತೆಂದು ಆ ಹುಡುಗ ಆಮೇಲೆ ಹೇಳಿದ. ಅಣ್ಣ ಮಣ್ಣಿನಲ್ಲಿ ಮೆಲ್ಲಗೆ ಕೂತ, ಯಾರೋ ಕೂರಿಸಿದಂತೆ. ಇಮಾಮಭಾಯಿ ಗ್ಯಾರೇಜಿಗೆ ಬಂದಿದ್ದ ಯಾರದೋ ವ್ಯಾನನ್ನು ಓಡಿಸಿಕೊಂಡು ಬಂದು ಹುಬ್ಬಳ್ಳಿಗೆ ಸಾಗಿಸಿದ. ಹೋಗಬೇಕಾಗಿದ್ದ ಊರಿಗೆ ಕೊನೆಗೂ ಹೋದೆವು.

ಹುಬ್ಬಳ್ಳಿಯ ಆಸ್ಪತ್ರೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ಸೊಂಟದ ಮೂಳೆಯಿಂದಲೂ ರಸ ತೆಗೆದು ನೋಡಿದರು. ರೋಗಕ್ಕೆ ಮಲ್ಟಿಪಲ್ ಮೈಲೋಮಾ ಎಂಬ ಹೆಸರು ಹೇಳಿ, ಅದು ಮೂಳೆಯ ಮಜ್ಜೆಗೆ ಬರುವ ಕ್ಯಾನ್ಸರು ಎಂದು ತಿಳಿಸಿ, ಒಂದು ಕಾಗದವನ್ನು ನಮ್ಮ ಮುಂದೆ ಹಿಡಿದರು. ಅದರಲ್ಲಿ ಒಂದು ಗೆರೆ. ಗೆರೆ ಒಂದು ಕಡೆ ದಿಬ್ಬದಂತೆ ಎದ್ದು ಇಳಿದಿತ್ತು, ಆಮೇಲೆ ಬಯಲಿನಂತೆ ಹೋಗಿ ಒಮ್ಮೆಲೇ ಧ್ವಜದ ಕಂಬದಂತೆ ನೆಟ್ಟಗೆ ನಿಂತಿತ್ತು.

"ಮೈ ಕಾಯೋ ಪ್ರೋಟೀನ್ ಎಲ್ಲಾರ ರಕ್ತದಾಗೂ ಇರ್ತಾವ್ರಿ, ಸಾವಿರಾರು ನಮೂನಿ. ಒಂದೊಂದು ರೋಗಕ್ಕ ಒಂದೊಂದು. ಇವರ ಮೂಳಿಯೊಳಗ ಒಂದು ಕಣ ಹಾದಿ ಬಿಟ್ಟೈತಿ. ತನ್ನಂಥಾವನ್ನ ಹುಟ್ಟಿಸಿಕೊಂತ ಹೊಂಟೈತಿ. ಎಲ್ಲಾ ಸೇರಿ ಒಂದಽ ನಮೂನಿ ಪ್ರೋಟೀನ್ ಮಾಡ್ತಾವ. ಈ ಕಂಬ ಅದಽ. ನೋಡಾಕ ಭಾಳ, ಕೆಲಸಕ್ಕ ಏನೂ ಇಲ್ಲ. ರಕ್ತ ದಪ್ಪ ಆಗ್ತೈತಿ. ರಕ್ತದ ಕಣ ರೊಟ್ಟಿ ಒಟ್ಟಿದಂಗ ಒಂದಕ್ಕೊಂದು ಅಂಟಿಕೊಂತಾವ. ಆ ಪ್ರೋಟೀನಿನ ಚೂರು ಕಿಡ್ನಿಯೊಳಗ ಹೋಗಿ ಸಿಗಬೀಳ್ತಾವ. ಈ ಕಡೆ ಮೂಳಿ ಟೊಳ್ಳಾಗ್ತಾವ."

ಅಣ್ಣ ಮಲಗಿದಲ್ಲಿಂದಲೇ ಕೇಳಿದ. "ಅಂದ್ರ ಡಾಕ್ಟ್ರ, ಗರಡಿ ತುಂಬ ಪೈಲವಾನರು ಅದಾರ. ಎಲ್ಲಾರಿಗೂ ಒಂದಽ ಡಾವು ಬರ್ತೈತಿ."

"ಹೌದ್ರಿ" ಎಂದು ಡಾಕ್ಟರು ನಕ್ಕರು. "ಅದೂ ಯಾರ ಮ್ಯಾಲೂ ನಡಿಯಲಾರದ ಡಾವು."

"ನನ್ನ ರಕ್ತ ನೋಡ್ರಿ, ನನ್ನಂಗಽ ಐತಿ" ಎಂದ ಅಣ್ಣ. ನನಗೆ ಗೊತ್ತಿರುವಂತೆ ಅವನು ತನ್ನನ್ನು ನೋಡಿ ತಾನೇ ನಕ್ಕದ್ದು ಅದೇ ಮೊದಲು.

ಡಾಕ್ಟರು ನನ್ನ ಕಡೆ ತಿರುಗಿದರು. "ಇದಕ್ಕ ಮೊದಲ ಎಲ್ಲೂ ರಕ್ತ ತೋರಿಸಿದ್ದಿಲ್ಲೇನ್ರಿ?"

"ಹಳಿಯಾಳದಾಗ ತೋರಿಸಿದ್ವಿರಿ. ಪ್ರೋಟೀನ್ ಭಾಳ ಐತಿ ಅಂದ್ರು."

"ಅಷ್ಟಽ ಅಂದ್ರಾ?"

ಅಣ್ಣ ನನ್ನನ್ನು ನೋಡುತ್ತಿದ್ದ. "ಅಷ್ಟಽರಿ" ಎಂದೆ.

"ಆಗಽ ಬಂದಿದ್ರ ಕಿಡ್ನಿ ಇಷ್ಟ ಕೆಡ್ತಿದ್ದಿಲ್ಲ" ಎಂದರು. ಬೈಯುವ ದನಿಯಲ್ಲಿ ಅಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಆಸ್ಪತ್ರೆಯ ಲ್ಯಾಬಿನಲ್ಲಿ ನಿವೃತ್ತಿಗೆ ಬಂದಿದ್ದ ಒಬ್ಬ ಹಿರಿಯರಿದ್ದರು. ಅಣ್ಣನ ಮೂತ್ರದ ಡಬ್ಬಿ ಒಯ್ದು ಕೊಟ್ಟಾಗ, ನೊರೆ ಯಾಕೆ ಬರುತ್ತದೆಂದು ಕೇಳಿದೆ. ಅದರಲ್ಲಿಯೂ ಅದೇ ಪ್ರೋಟೀನಿನ ಚೂರುಗಳಿವೆ ಎಂದರು. "ಈಗ ಇದಕ್ಕೆಲ್ಲ ಮಶೀನ ಬಂದಾವ. ನಾವು ಹಿಂದಕ ಬೆಂಕಿ ಮ್ಯಾಲ ನೋಡ್ತಿದ್ವಿ. ತೋರಸ್ತೇನಿ ಬರ್ರಿ" ಎಂದು ಒಂದು ಗಾಜಿನ ನಳಿಕೆಯಲ್ಲಿ ಸ್ವಲ್ಪ ಹಾಕಿಕೊಂಡು ಉರಿಯ ಮೇಲಿಟ್ಟ ನೀರಿನಲ್ಲಿ ಇಳಿಸಿದರು. ನೀರು ಬಿಸಿಯಾಗುತ್ತ ಹೋದಂತೆ ನಳಿಕೆಯೊಳಗೆ ಬೆಳ್ಳಗೆ ಮಬ್ಬು ಕಟ್ಟಿ, ಚೂರು ಚೂರಾಗಿ ಗಟ್ಟಿಯಾಯಿತು.

"ಒಡೀತು" ಎಂದೆ. ಹಾಲಿನವನಿಗೆ ಅದೊಂದೇ ಮಾತು.

"ನಿಂದರ್ರಿ, ಇನ್ನೂ ಕುದೀಲಿ."

ಕುದಿಯಿತು. ಒಡೆದದ್ದೆಲ್ಲ ಕರಗಿ ತಿಳಿಯಾಯಿತು. ಇಳಿಸಿ ಆರಲು ಬಿಟ್ಟರು. ಮತ್ತೆ ಬೆಳ್ಳಗಾಗಿ ಗಟ್ಟಿಯಾಯಿತು. ಒಡೆದ ಹಾಲು ಮತ್ತೆ ಹಾಲಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಇದು ಅರ್ಧ ಕಾಯಿಸಿದರೆ ಒಡೆಯುತ್ತಿತ್ತು, ಪೂರ್ತಿ ಕುದಿಸಿದರೆ ಕೂಡುತ್ತಿತ್ತು. ಸಣ್ಣದಕ್ಕೆ ಗಟ್ಟಿಯಾಗಿ, ದೊಡ್ಡದಕ್ಕೆ ಕರಗಿ, ಆರಿದ ಮೇಲೆ ಮತ್ತೆ ಗಟ್ಟಿಯಾಗುವ ನಮ್ಮ ಮನೆಯ ಮಜ್ಜಿಗೆ ಜಗಳವೆಲ್ಲ ಆ ನಳಿಕೆಯಲ್ಲಿ ಕಾಣಿಸಿತು.

ಕಿಡ್ನಿಗೆಂದು ಅಣ್ಣನಿಗೆ ದಿನವಿಡೀ ನೀರು ಕುಡಿಸಲು ಹೇಳಿದ್ದರು. ಕುಡಿಸುವ ಕೆಲಸ ನನ್ನದು. ಒಂದು ಮಧ್ಯಾಹ್ನ ವೈನಿ ಊಟಕ್ಕೆ ಹೋಗಿದ್ದಳು. ನಾನು ಗ್ಲಾಸಿಗೆ ನೀರು ಬಗ್ಗಿಸುತ್ತಿದ್ದೆ. ಕೈ ಆ ಹಳೆಯ ಕೆಲಸವನ್ನೇ ಮಾಡುತ್ತಿದೆ ಎನ್ನಿಸಿ ತಡೆಯಲಾಗಲಿಲ್ಲ.

"ಅಣ್ಣಾ, ಒಂದ ಮಾತ ಹೇಳಲೇನು?"

"ಹೇಳು ತಮ್ಯಾ."

"ಸಣ್ಣಾಂವ ಇದ್ದಾಗಿಂದ ನಿನ್ನ ಹಾಲಿಗೆ ನೀರ ಹಾಕೇನಿ."

"ಹೂಂ."

"ಒಂದ ತಂಬಗಿ ನಾ ಕುಡೀತಿದ್ದೆ. ಕುಡದಷ್ಟು ನೀರ ಹಾಕ್ತಿದ್ದೆ."

"ಗೊತ್ತೈತಿ. ಹಾಲ ಸುಳ್ಳ ಹೇಳ್ತೈತಿ, ಕೆನಿ ಹೇಳೂದಿಲ್ಲ."

"ಮತ್ತ ಯಾಕ ಸುಮ್ಮನಿದ್ದಿ?"

"ನನ್ನ ಹಾಲಿನ ಸಲುವಾಗಿ ಅಪ್ಪ ನಿನ್ನ ಸಾಲಿ ಬಿಡಿಸಿದ. ಒಂದ ತಂಬಗಿ ನಿಂದಽ ಅಂತ ನಾ ಬಿಟ್ಟಿದ್ದೆ" ಎಂದ. ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು, "ಈಗ ನೋಡು, ಇಷ್ಟ ಓದಿದ ಡಾಕ್ಟ್ರು ನೀರ ಕುಡೀರಿ ನೀರ ಕುಡೀರಿ ಅಂತಾರ. ನೀ ಆಗಽ ಸುರು ಮಾಡಿದ್ದಿ. ಔಷಧ ಬಿಡಿಸಿದ್ದಽ ತಪ್ಪಾತು" ಎಂದು ನಕ್ಕ. ನಕ್ಕರೆ ಬೆನ್ನು ನೋಯುತ್ತಿತ್ತು. ನೋಯುತ್ತಲೇ ನಕ್ಕ. ನಾನೂ ಕಣ್ಣೊರೆಸಿಕೊಂಡು ನಕ್ಕೆ. ಮೈ ಹಗುರವಾಯಿತು. ಆ ಹಗುರದಲ್ಲಿಯೇ ಅವನು ಕೇಳಿದ.

"ಮತ್ತೇನರ ಐತೇನು ಹೇಳೂದು?"

ಇತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಈಗಷ್ಟೇ ಕ್ಷಮೆ ಪಡೆದವನಿಗೆ ಮತ್ತೊಮ್ಮೆ ತಪ್ಪಿತಸ್ಥನಾಗಲು ಮನಸ್ಸು ಬರುವುದಿಲ್ಲ.

"ಏನಿಲ್ಲಣ್ಣಾ" ಎಂದೆ.

"ಹಂಗಾರ ನೀರ ಹಾಕು" ಎಂದು ಗ್ಲಾಸು ಮುಂದೆ ಹಿಡಿದ.

ಆಮೇಲೆ ಅವನು ಒಂದು ವರ್ಷಕ್ಕೆ ಮಿಕ್ಕಿ ಇದ್ದ. ಸೂಜಿ, ಗುಳಿಗೆಗಳಿಂದ ಆ ಕಂಬ ಇಳಿಯಿತು. ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಗರಡಿಯ ಕಟ್ಟೆಯವರೆಗೆ ನಡೆದ. ಒಲೆಯ ಮುಂದೆ ನಿಲ್ಲಲಾಗದೆ ಹಾಲು ಕಾಯಿಸುವುದನ್ನು ಮಾತ್ರ ವೈನಿಗೆ ಬಿಟ್ಟುಕೊಟ್ಟ. ಆಮೇಲೆ ಕಂಬ ಮತ್ತೆ ಎದ್ದಿತು. ಆ ವರ್ಷ ಅವನು ಒಮ್ಮೆಯೂ ನನ್ನೊಡನೆ ಮಾತು ಬಿಡಲಿಲ್ಲ. ಎರಡು ದಿನ ಹಾಲು ತಡವಾದರೂ ಬಿಡಲಿಲ್ಲ. ಹೋದ ಕೂಡಲೇ ಹತ್ತಿರ ಕೂರಿಸಿಕೊಂಡು, "ಏನರ ಸುದ್ದಿ?" ಎನ್ನುತ್ತಿದ್ದ. ನಾನು ಎಮ್ಮೆಯ ಸುದ್ದಿ ಹೇಳುತ್ತಿದ್ದೆ. ರೋಗ ಅಣ್ಣನನ್ನು ಮೆತ್ತಗೆ ಮಾಡಿತು ಎಂದು ಮನೆಯಲ್ಲಿ ಹೇಳಿಕೊಂಡೆ. ಕೊನೆಗೆ ಅವನನ್ನು ಒಯ್ದದ್ದು ಮೂಳೆಯೂ ಅಲ್ಲ, ಕಿಡ್ನಿಯೂ ಅಲ್ಲ. ಒಂದು ನೆಗಡಿ ಎದೆಗಿಳಿಯಿತು. ರಕ್ತದ ತುಂಬ ಕಾವಲುಗಾರರು. ಎಲ್ಲರೂ ಒಂದೇ ಗೇಟು ಕಾಯುತ್ತ ನಿಂತಿದ್ದರು, ಹಿಂದಿನ ಬೇಲಿಯಿಂದ ದನ ನುಗ್ಗಿತು.

ಫೋಟೋ ಹಾಕಿದ ದಿನ ಗರಡಿಯಲ್ಲಿ ನಾನು ಹೇಳಿದ್ದು ಹಾಲಿಗೆ ನೀರು ಹಾಕಿದ ಕತೆಯನ್ನು. ಔಷಧ ಬಿಡಿಸಿದ್ದೇ ತಪ್ಪಾಯಿತು ಎಂಬ ಅಣ್ಣನ ಮಾತಿಗೆ ಜನ ಬಿದ್ದು ಬಿದ್ದು ನಕ್ಕರು. "ಎಷ್ಟ ದೊಡ್ಡ ಮನಸು, ತಪ್ಪ ಒಪ್ಪಿಕೊಂಡ ನೋಡ್ರಿ" ಎಂದು ಒಬ್ಬರು ನನಗೇ ಶಾಲು ಹೊದಿಸಿದರು. ಇಮಾಮಭಾಯಿ ಮಾತ್ರ ನಗಲಿಲ್ಲ. ಅವನಿಗೇನು ಗೊತ್ತೋ ನಾನು ಕೇಳಲಿಲ್ಲ.

ಆ ಶಾಲನ್ನು ಮನೆಗೆ ಒಯ್ಯಲು ಮನಸ್ಸಾಗದೆ ಮರುದಿನ ಹಾಲಿನ ಜೊತೆ ವೈನಿಗೆ ಕೊಡಲು ಹೋದೆ. ಅವಳು ಶಾಲನ್ನು ಮಡಚಿ ಪಕ್ಕಕ್ಕಿಟ್ಟಳು. ಹಾಲನ್ನು ಪಾತ್ರೆಗೆ ಸುರಿದು, ತಾನೇ ಒಂದು ಲೋಟ ನೀರು ಬೆರೆಸಿದಳು.

"ಗಟ್ಟಿ ಹಾಲು ಈಗ ನನಗ ಅರಗೂದಿಲ್ಲ ತಮ್ಮಾ" ಎಂದಳು. ಒಲೆ ಹಚ್ಚಿ, ನನ್ನ ಕಡೆ ನೋಡದೆ ಹೇಳಿದಳು. "ನಿನ್ನಿ ಅಲ್ಲೆ ಹೇಳ್ತಿ ಅಂತ ತಿಳ್ಕೊಂಡಿದ್ದೆ."

"ಏನ ವೈನಿ?"

"ಹುಬ್ಬಳ್ಳಿಯಿಂದ ಬಂದ ಮ್ಯಾಲ ಸೂಜಿ ಮಾಡಿಸಾಕ ಹಳಿಯಾಳ ಡಾಕ್ಟರ ಕಡೆ ಹೋಗಿದ್ವಿ. ಅವರು ಇವರನ್ನ ಬೈದ್ರು. ಅವತ್ತಽ ನಿಮ್ಮ ತಮ್ಮಗ ಹೇಳಿದ್ದೆ, ವಾರದಾಗ ಹೋಗ್ರಿ ಅಂತ, ಯಾಕ ಹೋಗಲಿಲ್ಲ ಅಂದ್ರು. ಇವರು ಏನ ಹೇಳಿದ್ರ ಗೊತ್ತೈತೇನು? 'ತಮ್ಮ ಹೇಳಿದ್ದ ಸರ, ನಾನಽ ಕೇಳಲಿಲ್ಲ' ಅಂದ್ರು."

ಒಂದು ಮಜ್ಜಿಗೆಗೆ ಮಳೆಗಾಲವೆಲ್ಲ ಮಾತು ಬಿಟ್ಟವನು, ಇದನ್ನು ತಿಳಿದೂ ಆ ವರ್ಷವೆಲ್ಲ ನನ್ನನ್ನು ಹತ್ತಿರ ಕೂರಿಸಿಕೊಂಡಿದ್ದ. ಆ ನಳಿಕೆಯೊಳಗಿನಂತೆ ಅವನು ಕುದಿದು ತಿಳಿಯಾಗಿದ್ದ. ನಾನು ಹಾಲಿನ ಕತೆ ಹೇಳುವಷ್ಟು ಬೆಚ್ಚಗಾಗಿ ಅಲ್ಲಿಯೇ ಗಟ್ಟಿಯಾಗಿದ್ದೆ.

"ನನ್ನ ಯಾಕ ಕೇಳಲಿಲ್ಲ ವೈನಿ ಅಂವ?"

"ದಿನಾ ಕೇಳ್ತಿದ್ರಲ್ಲ, ಏನರ ಸುದ್ದಿ ಅಂತ. ನೀ ಎದ್ದ ಹೋದ ಮ್ಯಾಲ ನನ್ನ ಕೇಳವರು, 'ತಮ್ಯಾ ನಿನ್ನ ಮುಂದರ ಏನರ ಅಂದನೇನು?' ಅಂತ. 'ಇಲ್ರಿ, ಹಾಲ ಕೊಟ್ಟ ಹೋದ' ಅಂತಿದ್ದೆ."

ವೈನಿ ಉರಿಯನ್ನು ಸ್ವಲ್ಪ ಹೆಚ್ಚು ಮಾಡಿದಳು. ಹಾಲಿನ ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು.

"ಅದಕ್ಕ ಏನಂತಿದ್ದ?"

"ಏನಂತಾರ. 'ಇನ್ನೂ ಕುದೀಲಿ, ಕಾಸು' ಅಂತಿದ್ರು."